ಮಗುವಿನ ಕೈಗೆ ಮೊಬೈಲ್ ಪಾಠ: ಒಂಬತ್ತು ಸೂತ್ರಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಮೊಬೈಲು. ಅಪ್ಪ ಹೊಲದಿಂದ ಬಂದ ಮೇಲೆ ಅದು ಮಗುವಿನ ಕೈಗೆ ಸಿಕ್ಕರೆ ಅರ್ಧ ಗಂಟೆ ಸಿಕ್ಕೀತು. ಆ ಅರ್ಧ ಗಂಟೆ ಯಾವ ಮಗುವಿಗೂ ದಂಡವಾಗಬಾರದು. ಮಕ್ಕಳಿಗೆ ವಿಡಿಯೊ, ಆ್ಯಪ್, ಆಡಿಯೊ ಕಥೆ ಮಾಡಹೊರಟ ಮೇಷ್ಟ್ರು, ಟೀಚರು, ಯುವಕರಿಗೆ ಇಲ್ಲಿವೆ ಕೆಲವು ಸೂತ್ರ.

1. ಊರ ಹೆಸರಿನಿಂದ ಫಾಂಟ್ ಪರೀಕ್ಷಿಸಿ. ಮೇಲಿನ ಐದು ಹೆಸರುಗಳನ್ನು ಒಂದರ ಕೆಳಗೊಂದು ಪರದೆಗೆ ಹಾಕಿ. ಹಡಗಲಿ ಬಿಟ್ಟು ನಾಲ್ಕರಲ್ಲೂ ಒತ್ತಕ್ಷರವಿದೆ. ಸಾಲುಗಳು ಒತ್ತಾದರೆ ‘ಕೊಟ್ಟೂರು’ ಪದದ ಒತ್ತು ಕೆಳಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕೂಡಿಸಿ ಓದುವ ಮಗು ಅಲ್ಲೇ ತಡವರಿಸುತ್ತದೆ. ಸಾಲಿನ ಅಂತರ ಹೆಚ್ಚಿಸಿ. ‘ದ’ವನ್ನು ‘ಧ’ ಮಾಡುವ ಪುಟ್ಟ ಗೀಟೂ ಸ್ಪಷ್ಟವಾಗಿ ಕಾಣಲಿ.

2. ಯೂನಿಕೋಡ್‌ನಲ್ಲೇ ಬರೆಯಿರಿ. ಚಿತ್ರದೊಳಗೆ ಅಚ್ಚಾದ ಅಕ್ಷರ, ಪರದೆ ಓದಿ ಹೇಳುವ ಟಾಕ್‌ಬ್ಯಾಕ್‌ಗೆ ಸಾಮಾನ್ಯವಾಗಿ ಬರೀ ಚಿತ್ರ. ಯೂನಿಕೋಡ್ ಪಠ್ಯವಾದರೆ ಕಣ್ಣು ಕಾಣದ ಮಗುವಿಗೆ ಫೋನೇ ಓದಿ ಹೇಳುತ್ತದೆ. ಪ್ರತಿ ಚಿತ್ರಕ್ಕೂ ಒಂದು ಸಾಲು ವಿವರಣೆ ಸೇರಿಸಿ.

3. ಬಣ್ಣವೊಂದನ್ನೇ ನಂಬಬೇಡಿ. ಸರಿಗೆ ಹಸಿರು, ತಪ್ಪಿಗೆ ಕೆಂಪು ಎಂದಷ್ಟೇ ತೋರಿಸಿದರೆ ಆ ಭೇದ ಕಾಣದ ಮಕ್ಕಳಿಗೆ ಎರಡೂ ಒಂದೇ. ಜೊತೆಗೆ ರೈಟು, ಇಂಟು ಗುರುತು ಹಾಕಿ. ಕಿವಿ ಕೇಳದ ಮಗುವಿಗೆ ಮಾತು ಅಕ್ಷರವಾಗಿಯೂ ಮೂಡಲಿ. ಓದು ಕಲಿಯುವ ಉಳಿದವರಿಗೂ ಅದು ಲಾಭವೇ.

4. ಗುಂಡಿ ದೊಡ್ಡದಿರಲಿ. ಅಂಚು 9 ಮಿಲಿಮೀಟರಿಗಿಂತ ಕಡಿಮೆ ಬೇಡ. ಎಳೆದು ತಂದು ಜೋಡಿಸುವುದಕ್ಕಿಂತ ಒತ್ತುವುದು ಸುಲಭ. ‘ಕ್ಲಿಕ್ಕಿಸಿರಿ’ ಬೇಡ, ‘ಒತ್ತಿ ನೋಡು’ ಸಾಕು.

5. ಮನೆಮಾತಿನಿಂದ ಹೊರಡಿ. ತಾಂಡಾದ ಮಗು ಮನೆಯಲ್ಲಿ ಆಡುವುದು ಲಂಬಾಣಿ. ಅಮ್ಮನನ್ನು ಅದು ಕರೆಯುವುದು ‘ಯಾಡಿ’. ಪಾಠ ‘ಮಾತೆ, ಜನನಿ’ ಎಂದು ಶುರುವಾದರೆ ಮಗು ಬಾಗಿಲಾಚೆಯೇ ನಿಂತಿತು. ‘ಯಾಡಿ’ಯಿಂದ ‘ಅವ್ವ’ನಿಗೆ, ಅಲ್ಲಿಂದ ‘ತಾಯಿ’ಗೆ ಬನ್ನಿ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಮುಕ್ತ ಪರವಾನಗಿಯಲ್ಲಿವೆ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ ನಿಮ್ಮ ಮಾತಿಗೆ ತಂದುಕೊಳ್ಳಿ.

6. ಲೆಕ್ಕಕ್ಕೆ ಊರನ್ನೇ ತನ್ನಿ. ಸೇಬು, ಸ್ಟ್ರಾಬೆರಿ ಯಾಕೆ? ಹಡಗಲಿ ಮಲ್ಲಿಗೆ ಇದೆಯಲ್ಲ! ಮೊಳಕ್ಕೆ 15 ರೂಪಾಯಿಯಾದರೆ ನಾಲ್ಕು ಮೊಳದ ಒಂದು ಮಾರಿಗೆ ಎಷ್ಟು? ಪ್ರಾಣಿ ಪಾಠಕ್ಕೆ ಗುಡೇಕೋಟೆಯ ಕರಡಿ, ಹಕ್ಕಿಗೆ ಅಂಕಸಮುದ್ರದ ಕೆರೆ. ಪ್ರಶ್ನೆ ಕೇಳಿದ ಮೇಲೆ ನಾಲ್ಕು ಸೆಕೆಂಡು ಸುಮ್ಮನಿರಿ. ರೇಡಿಯೊ ಪಾಠಗಳು ಹಿಂದಿನಿಂದಲೂ ಬಳಸಿದ ಉಪಾಯ ಇದು: ಆ ಮೌನದಲ್ಲೇ ಮಗು ಉತ್ತರ ಹೇಳುತ್ತದೆ.

7. ಹಗುರ ಮಾಡಿ. ಐದು ನಿಮಿಷದ ಮಾತು 32 ಕೆಬಿಪಿಎಸ್‌ನಲ್ಲಿ ಸುಮಾರು 1.2 ಎಂಬಿ ಅಷ್ಟೆ. ವಿಡಿಯೊ ಜೊತೆ ಬರೀ ಧ್ವನಿಯ ಕಡತವನ್ನೂ ಕೊಡಿ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ಓಡಬೇಕು.

8. ಮಗುವಿನ ಮಾಹಿತಿ ಕೇಳಬೇಡಿ. ಹೆಸರು, ಫೋಟೊ, ಊರು ಯಾವುದೂ ಇಲ್ಲದೆಯೇ ಪಾಠ ನಡೆಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು.

9. ಕೊಟ್ಟು ನೋಡಿ, ಬಾಯಿ ಬಿಡಬೇಡಿ. ಐದು ಮಕ್ಕಳನ್ನು ಕೂರಿಸಿ. ಅವರಲ್ಲಿ ಓದು ಬಾರದವರು, ದೃಷ್ಟಿ ಮಂದವಿರುವವರು, ತಾಂಡಾದವರು ಇರಲಿ. ‘ಅಲ್ಲಿ ಒತ್ತಪ್ಪಾ’ ಎಂದು ನೀವು ಹೇಳಬೇಕಾಗಿ ಬಂದ ಜಾಗವೇ ತಿದ್ದಬೇಕಾದ ಜಾಗ. ಯಾರಾದರೂ ಫೋನು ಕೆಳಗಿಟ್ಟು, ಅವ್ವ ಕಟ್ಟುತ್ತಿರುವ ಹೂವನ್ನು ಮೊಳ ಹಾಕಲು ಓಡಿದರೆ, ನಿಮ್ಮ ಪಾಠ ಗೆದ್ದಂತೆ.