ಐಸ್‌ಕ್ರೀಂ ಡಬ್ಬಿಯ ಯಾವ ಸಾಲು ಓದಬೇಕು?

ಪ್ರಶ್ನೆ: ನಮ್ಮದು ಐದು ಜನರ ಮನೆ. ಕಳೆದ ತಿಂಗಳು ರಕ್ತ ಪರೀಕ್ಷೆ ಮಾಡಿಸಿದಾಗ ಯಜಮಾನರಿಗೆ ಸಕ್ಕರೆ ಗಡಿಯಲ್ಲಿದೆ ಎಂದರು. ಮಾವನವರಿಗೆ ಕೊಲೆಸ್ಟರಾಲ್ ಇದೆ. ಇಬ್ಬರು ಮಕ್ಕಳಿಗೆ ಬೇಸಿಗೆ ಬಂತೆಂದರೆ ಐಸ್‌ಕ್ರೀಂ ಬೇಕೇ ಬೇಕು. ಅಂಗಡಿಯ ಫ್ರೀಜರಿನಲ್ಲಿ ಒಂದರ ಮೇಲೆ ‘ಐಸ್‌ಕ್ರೀಂ’, ಇನ್ನೊಂದರ ಮೇಲೆ ‘ಫ್ರೋಜನ್ ಡೆಸರ್ಟ್’, ಮತ್ತೊಂದರ ಮೇಲೆ ‘ನೋ ಆ್ಯಡೆಡ್ ಶುಗರ್’ ಎಂದಿರುತ್ತದೆ. ಇವುಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದು ಯಾವುದು? ಅಥವಾ ಪೂರ್ತಿ ಬಿಟ್ಟುಬಿಡಬೇಕೆ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಫ್ರೀಜರಿನ ಮುಂದೆ ನಿಂತು ಡಬ್ಬಿಯನ್ನು ತಿರುಗಿಸಿ ನೋಡುವವರು ಕಡಿಮೆ. ನೋಡಿದವರಿಗೂ ಗೊಂದಲವಾಗುವುದು ಸಹಜ, ಏಕೆಂದರೆ ಡಬ್ಬಿಯ ಮುಂಭಾಗ ಮಿಲಿಲೀಟರಿನಲ್ಲಿ ಮಾತಾಡಿದರೆ ಹಿಂಭಾಗ ಸಾಮಾನ್ಯವಾಗಿ ಗ್ರಾಮಿನಲ್ಲಿ ಮಾತಾಡುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ: ಬಿಡಬೇಕಾಗಿಲ್ಲ. ಆದರೆ ‘ಆರೋಗ್ಯಕರ ಐಸ್‌ಕ್ರೀಂ’ ಎಂಬ ಬೇರೆ ಜಾತಿಯೊಂದು ಇದೆ, ಅದನ್ನು ಹುಡುಕಿ ತಂದರೆ ಎಷ್ಟು ಬೇಕಾದರೂ ತಿನ್ನಬಹುದು ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು.

ಮೊದಲು ಹೆಸರಿನ ವಿಚಾರ. ನಮ್ಮ ದೇಶದಲ್ಲಿ ಯಾವುದನ್ನು ಐಸ್‌ಕ್ರೀಂ ಎಂದು ಕರೆಯಬಹುದು ಎಂಬುದಕ್ಕೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮವಿದೆ. ಬರೀ ‘ಐಸ್‌ಕ್ರೀಂ’ ಎಂದು ಬರೆಯಬೇಕಾದರೆ ಅದರಲ್ಲಿ ಕನಿಷ್ಠ ಶೇ 10ರಷ್ಟು ಹಾಲಿನ ಕೊಬ್ಬು ಇರಬೇಕು. ‘ಮೀಡಿಯಂ ಫ್ಯಾಟ್’ ಎಂದಿದ್ದರೆ ಕೊಬ್ಬು ಶೇ 2.5ರಿಂದ 10ರ ನಡುವೆ, ‘ಲೋ ಫ್ಯಾಟ್’ ಎಂದಿದ್ದರೆ ಶೇ 2.5ಕ್ಕಿಂತ ಹೆಚ್ಚಿಲ್ಲ. ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಬಳಸಿದ್ದರೆ ಅದನ್ನು ಐಸ್‌ಕ್ರೀಂ ಎನ್ನುವಂತಿಲ್ಲ; ‘ಫ್ರೋಜನ್ ಡೆಸರ್ಟ್’ ಎನ್ನಬೇಕು. ಕೋನು, ಕಡ್ಡಿ, ಚಾಕಲೇಟು ಹೊದಿಕೆ ಎಲ್ಲ ಒಂದೇ ಥರ ಕಾಣುವುದರಿಂದ ಎಷ್ಟೋ ಜನ ವರ್ಷಗಟ್ಟಲೆ ಫ್ರೋಜನ್ ಡೆಸರ್ಟನ್ನೇ ಐಸ್‌ಕ್ರೀಂ ಎಂದು ತಿಂದಿರುತ್ತಾರೆ.

ಹಾಗಾದರೆ ಫ್ರೋಜನ್ ಡೆಸರ್ಟ್ ಕೆಟ್ಟದ್ದೇ? ಈ ಬಗ್ಗೆ ದೊಡ್ಡ ಕಂಪನಿಗಳೇ ಕೋರ್ಟು ಹತ್ತಿದ್ದವು. 2017ರಲ್ಲಿ ಅಮುಲ್ ಜಾಹೀರಾತಿನ ವಿರುದ್ಧ ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು. ಫ್ರೋಜನ್ ಡೆಸರ್ಟ್ ಎಂದರೆ ವನಸ್ಪತಿ ಎನ್ನುವ ಧಾಟಿಯ ಆ ಜಾಹೀರಾತಿಗೆ ಕೋರ್ಟು ತಡೆ ಕೊಟ್ಟಿತು. ವನಸ್ಪತಿ ಬೇರೆ, ಸಸ್ಯಜನ್ಯ ಎಣ್ಣೆ ಬೇರೆ. ನಮ್ಮ ಅಜ್ಜಿಯಂದಿರ ಕಾಲದ ಡಾಲ್ಡಾ ಇತ್ತಲ್ಲ, ಅದು ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿದ್ದು. ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಹುಟ್ಟುವುದು ಅಂಥದ್ದರಲ್ಲಿ. 2022ರ ಜನವರಿಯಿಂದ ನಮ್ಮಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರುವಂತಿಲ್ಲ.

ಮಾವನವರ ಕೊಲೆಸ್ಟರಾಲ್ ದೃಷ್ಟಿಯಿಂದ ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬನ್ನು. ಹಾಲಿನ ಕೊಬ್ಬಿನಲ್ಲಿ ಅದರ ಪಾಲು ಸುಮಾರು ಮೂರರಲ್ಲಿ ಎರಡು, ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು, ಕೊಬ್ಬರಿ ಎಣ್ಣೆಯಲ್ಲಿ ಶೇ 85ಕ್ಕೂ ಹೆಚ್ಚು. ಸಸ್ಯಜನ್ಯ ಎಣ್ಣೆ ಎಂದ ಮಾತ್ರಕ್ಕೆ ವಿಷವೂ ಅಲ್ಲ, ‘ಕೊಲೆಸ್ಟರಾಲ್ ಇಲ್ಲ’ ಎಂದು ಬರೆದ ಮಾತ್ರಕ್ಕೆ ಅಮೃತವೂ ಅಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಗಿಡದಿಂದ ಬಂದ ಎಣ್ಣೆಯಲ್ಲಿ ಕೊಲೆಸ್ಟರಾಲ್ ಇಲ್ಲದಿರುವುದು ವಿಶೇಷವೇನಲ್ಲ. ರುಚಿಯ ಮಾತು ಬೇರೆ. ಹಾಲಿನ ಕೊಬ್ಬು ನಾಲಿಗೆಯ ಮೇಲೆ ಕರಗುವ ಹಾಗೆ ಪಾಮ್ ಎಣ್ಣೆ ಕರಗುವುದಿಲ್ಲ. ನನ್ನನ್ನು ಕೇಳಿದರೆ, ತಿನ್ನುವುದೇ ಸ್ವಲ್ಪವಾದ್ದರಿಂದ ಹಾಲಿನದ್ದೇ ಇರಲಿ ಎನ್ನುತ್ತೇನೆ.

ಇನ್ನು ಮಿಲಿಲೀಟರು–ಗ್ರಾಮಿನ ಗೊಂದಲ. ನೂರು ಮಿಲಿಲೀಟರ್ ಹಾಲು ಹೆಚ್ಚುಕಡಿಮೆ ನೂರು ಗ್ರಾಂ ತೂಗುತ್ತದೆ. ಐಸ್‌ಕ್ರೀಮೂ ಹಾಗೆಯೇ ಎಂದುಕೊಳ್ಳುತ್ತೇವೆ. ಆದರೆ ಐಸ್‌ಕ್ರೀಮಿನಲ್ಲಿ ಹಾಲು, ಸಕ್ಕರೆ, ಕೊಬ್ಬಿನ ಜೊತೆ ಇನ್ನೊಂದು ಪದಾರ್ಥವಿದೆ: ಗಾಳಿ. ಯಂತ್ರದಲ್ಲಿ ಕಡೆಯುತ್ತ ಹೆಪ್ಪುಗಟ್ಟಿಸುವಾಗ ಮಿಶ್ರಣದೊಳಗೆ ಗಾಳಿ ಸೇರಿ ಅದು ಉಬ್ಬುತ್ತದೆ. ಗಾಳಿ ಸೇರದಿದ್ದರೆ ಚಮಚವೇ ಇಳಿಯದು. ಇದಕ್ಕೂ ಮಿತಿಯಿದೆ. ಒಂದು ಲೀಟರ್ ಐಸ್‌ಕ್ರೀಂ 525 ಗ್ರಾಮಿಗಿಂತ ಕಡಿಮೆ ತೂಗಬಾರದು. ಮೀಡಿಯಂ ಮತ್ತು ಲೋ ಫ್ಯಾಟ್ ಆದರೆ 475 ಗ್ರಾಮಿಗಿಂತ ಕಡಿಮೆ ಇರಬಾರದು. ಎಂದರೆ ನೀವು ಕೊಳ್ಳುವ ಲೀಟರಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಗಾಳಿಯೇ ಇರಬಹುದು, ಮತ್ತು ಅದು ಕಾನೂನಿಗೆ ಸರಿಯಾಗಿಯೇ ಇರುತ್ತದೆ. ನಂಬಿಕೆ ಬಾರದಿದ್ದರೆ ಮಕ್ಕಳಿಗೆ ಒಂದು ಆಟವೆಂದು ತೋರಿಸಿ: ಒಂದು ಕಪ್ ಐಸ್‌ಕ್ರೀಮನ್ನು ಪೂರ್ತಿ ಕರಗಲು ಬಿಟ್ಟು, ನೊರೆ ಇಳಿದ ಮೇಲೆ ಕಪ್ಪು ಎಷ್ಟು ಖಾಲಿಯಾಗಿದೆ ನೋಡಿ.

ಲೆಕ್ಕಕ್ಕೆ ಇದು ಏಕೆ ಮುಖ್ಯ ಎಂದರೆ, ಹಿಂಬದಿಯ ಪಟ್ಟಿ ಸಾಮಾನ್ಯವಾಗಿ 100 ಗ್ರಾಮಿಗೆ ಇಷ್ಟು ಎಂದಿರುತ್ತದೆ. ಸಾಧಾರಣ ವೆನಿಲ್ಲಾ ಐಸ್‌ಕ್ರೀಮಿನಲ್ಲಿ 100 ಗ್ರಾಮಿಗೆ ಸುಮಾರು 200 ಕಿಲೋಕ್ಯಾಲೊರಿ, 20 ಗ್ರಾಂ ಆಸುಪಾಸು ಸಕ್ಕರೆ, 11 ಗ್ರಾಂ ಕೊಬ್ಬು ಇರುತ್ತದೆ. ನಿಮ್ಮ ಕೈಯಲ್ಲಿರುವ 100 ಮಿಲಿಲೀಟರಿನ ಕಪ್ಪು ಸಾಮಾನ್ಯವಾಗಿ 55–60 ಗ್ರಾಂ ತೂಗೀತು. ಆದ್ದರಿಂದ ಒಂದು ಕಪ್ಪಿಗೆ ಸುಮಾರು 110ರಿಂದ 120 ಕಿಲೋಕ್ಯಾಲೊರಿ, 11–12 ಗ್ರಾಂ ಸಕ್ಕರೆ, ನಾಲ್ಕು ಗ್ರಾಮಿನಷ್ಟು ಸ್ಯಾಚುರೇಟೆಡ್ ಕೊಬ್ಬು. ಆ ಸಕ್ಕರೆಯಲ್ಲೂ ಮೂರು ಗ್ರಾಮಿನಷ್ಟು ಹಾಲಿನದ್ದೇ ಲ್ಯಾಕ್ಟೋಸ್. ಹೊರಗಿನಿಂದ ಹಾಕಿದ್ದು ಸುಮಾರು ಎರಡು ಟೀ ಚಮಚ. 250 ಮಿಲಿಲೀಟರ್ ಕೋಲಾದಲ್ಲಿ 25 ಗ್ರಾಮಿಗೂ ಹೆಚ್ಚು ಸಕ್ಕರೆ ಇರುವುದನ್ನು ನೆನೆದರೆ ಸಣ್ಣ ಕಪ್ ಐಸ್‌ಕ್ರೀಂ ನಾವು ಅಂದುಕೊಂಡಷ್ಟು ದೊಡ್ಡ ಅಪರಾಧಿಯಲ್ಲ.

ಆದರೆ ಇದೇ ಲೆಕ್ಕ ಕುಲ್ಫಿಗೆ ಬಂದಾಗ ತಿರುಗುಮುರುಗಾಗುತ್ತದೆ. ಕುಲ್ಫಿಯನ್ನು ಕಡೆಯುವುದಿಲ್ಲ. ಹಾಲನ್ನು ಕಾಯಿಸಿ ಕಾಯಿಸಿ ಇಂಗಿಸಿ ಅಚ್ಚಿಗೆ ಸುರಿದು ಹೆಪ್ಪುಗಟ್ಟಿಸುತ್ತಾರೆ. ಗಾಳಿಗೆ ಅಲ್ಲಿ ಜಾಗವಿಲ್ಲ. 60 ಮಿಲಿಲೀಟರಿನ ಪುಟ್ಟ ಕಡ್ಡಿ ಕುಲ್ಫಿ 60 ಗ್ರಾಮಿನಷ್ಟೇ ತೂಗುತ್ತದೆ, ಎಂದರೆ ನೂರು ಮಿಲಿಲೀಟರಿನ ಐಸ್‌ಕ್ರೀಂ ಕಪ್ಪಿಗೆ ಸಮ. ‘ಚಿಕ್ಕದು, ಇನ್ನೊಂದು ತಿನ್ನೋಣ’ ಎನ್ನುವವರು ಇದನ್ನು ಗಮನಿಸಬೇಕು.

ಈಗ ಯಜಮಾನರ ವಿಷಯ. ಸಕ್ಕರೆ ಕಡಿಮೆ ಮಾಡಿ ಐಸ್‌ಕ್ರೀಂ ತಯಾರಿಸಬಾರದೇಕೆ ಎಂದು ನಿಮಗೆ ಅನ್ನಿಸಬಹುದು. ಸಕ್ಕರೆಗೆ ಅಲ್ಲಿ ಸಿಹಿ ಕೊಡುವುದರ ಜೊತೆ ಇನ್ನೊಂದು ಕೆಲಸವಿದೆ. ಅದು ನೀರು ಹೆಪ್ಪುಗಟ್ಟುವ ಉಷ್ಣತೆಯನ್ನು ಇಳಿಸುತ್ತದೆ. ಸಕ್ಕರೆ ತೀರಾ ಕಡಿಮೆಯಾದರೆ ಐಸ್‌ಕ್ರೀಂ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮೇಲಾಗಿ ತಣ್ಣಗಿರುವಾಗ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ, ಹಾಗಾಗಿ ಹೆಚ್ಚು ಹಾಕಬೇಕಾಗುತ್ತದೆ. ಕರಗಿ ಬೆಚ್ಚಗಾದ ಐಸ್‌ಕ್ರೀಮನ್ನು ಒಂದು ಚಮಚ ಕುಡಿದು ನೋಡಿ, ಗಂಟಲು ಕಟ್ಟುವಷ್ಟು ಸಿಹಿ.

ಸಕ್ಕರೆ ತೆಗೆದಾಗ ಆ ಜಾಗಕ್ಕೆ ಏನಾದರೂ ತುಂಬಲೇಬೇಕು. ‘ನೋ ಆ್ಯಡೆಡ್ ಶುಗರ್’ ಡಬ್ಬಿಯ ಹಿಂದೆ ಮಾಲ್ಟಿಟಾಲ್, ಸಾರ್ಬಿಟಾಲ್, ಮಾಲ್ಟೋಡೆಕ್ಸ್ಟ್ರಿನ್, ಸುಕ್ರಲೋಸ್ ಎಂಬ ಹೆಸರುಗಳು ಕಾಣುವುದು ಇದಕ್ಕೇ. ಮಾಲ್ಟಿಟಾಲ್ ಸಕ್ಕರೆಯಷ್ಟು ಅಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಸ್ವಲ್ಪ ಏರಿಸುತ್ತದೆ, ಕ್ಯಾಲೊರಿಯೂ ಇದೆ. ಹೆಚ್ಚು ತಿಂದರೆ ಹೊಟ್ಟೆ ಉಬ್ಬರ, ಭೇದಿ ಆಗುವುದುಂಟು. ಮಕ್ಕಳಿಗೆ ಕೊಡುವಾಗ ಇದು ನೆನಪಿರಲಿ. ಮಾಲ್ಟೋಡೆಕ್ಸ್ಟ್ರಿನ್ ನಾಲಿಗೆಗೆ ಸಿಹಿಯಲ್ಲ, ಆದರೆ ಹೊಟ್ಟೆಯಲ್ಲಿ ಬೇಗ ಗ್ಲೂಕೋಸ್ ಆಗುವ ಪಿಷ್ಟ. ಹಾಲಿನ ಲ್ಯಾಕ್ಟೋಸ್ ಹೇಗೂ ಇದ್ದೇ ಇದೆ. ಅದಕ್ಕೆ ‘ಸಕ್ಕರೆ ಸೇರಿಸಿಲ್ಲ’ ಎಂಬ ದೊಡ್ಡಕ್ಷರವನ್ನು ಬಿಟ್ಟು, ಹಿಂಬದಿಯಲ್ಲಿ ‘ಕಾರ್ಬೋಹೈಡ್ರೇಟ್’ ಎಂಬ ಸಾಲನ್ನು ಓದಿ. ಸಾಮಾನ್ಯ ಐಸ್‌ಕ್ರೀಮಿನಷ್ಟೇ ಅಂಕಿ ಅಲ್ಲಿದ್ದರೆ ಹೆಚ್ಚು ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಅರ್ಥ ಕಡಿಮೆ. ತೂಕ ಇಳಿಸುವ ಉದ್ದೇಶಕ್ಕೆ ಕೃತಕ ಸಿಹಿಗಳನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ. ಅಂಥವರು ತಮ್ಮ ವೈದ್ಯರನ್ನು ಕೇಳಿಯೇ ನಡೆಯಬೇಕು.

ದಿನಕ್ಕೆ ಎಷ್ಟು ಸಕ್ಕರೆ ಸರಿ ಎಂಬುದಕ್ಕೂ ಡಬ್ಬಿಯಲ್ಲೇ ಸುಳಿವಿದೆ. ನಮ್ಮ ಲೇಬಲ್ ನಿಯಮ 2000 ಕಿಲೋಕ್ಯಾಲೊರಿ ಊಟಕ್ಕೆ 50 ಗ್ರಾಂ ಸೇರಿಸಿದ ಸಕ್ಕರೆ, 22 ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಎಂಬ ಅಳತೆ ಇಟ್ಟುಕೊಂಡು ಶೇಕಡಾವಾರು ತೋರಿಸುತ್ತದೆ. ಐವತ್ತು ಗ್ರಾಂ ಎಂದರೆ ಅದು ಮೇಲಿನ ಮಿತಿ. ಅದರ ಅರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರು ಹೊತ್ತು ಕಾಫಿ ಕುಡಿಯುವ ಮನೆಯಲ್ಲಿ ಐಸ್‌ಕ್ರೀಂ ಬರುವ ಮೊದಲೇ ಅರ್ಧ ಲೆಕ್ಕ ಮುಗಿದಿರುತ್ತದೆ. ಐಸ್‌ಕ್ರೀಂ ತಿಂದ ದಿನ ಎರಡು ಕಾಫಿಗೆ ಸಕ್ಕರೆ ಬಿಟ್ಟರೆ ಲೆಕ್ಕ ಸಮವಾಗುತ್ತದೆ.

ಇನ್ನೊಂದು ಹೆದರಿಕೆ ಅನೇಕರಿಗಿದೆ: ಪದಾರ್ಥಗಳ ಪಟ್ಟಿಯಲ್ಲಿ ಕಾಣುವ 412, 407, 471 ಎಂಬ ಅಂಕಿಗಳು. ಇವು ಗುಟ್ಟಿನ ರಾಸಾಯನಿಕಗಳೆಂದು ಭಾವಿಸಿ ಡಬ್ಬಿಯನ್ನು ವಾಪಸ್ ಇಡುವವರಿದ್ದಾರೆ. 412 ಎಂದರೆ ಗೌರ್ ಗಮ್, ಗೋರಿಕಾಯಿ ಬೀಜದ ಹಿಟ್ಟು. ನಿಮ್ಮ ಉತ್ತರ ಕರ್ನಾಟಕದ ನೆಂಟರು ಚವಳಿಕಾಯಿ ಎನ್ನುತ್ತಾರಲ್ಲ, ಅದೇ. 407 ಸಮುದ್ರದ ಪಾಚಿಯಿಂದ ತೆಗೆದದ್ದು. 471 ಎಣ್ಣೆ–ನೀರನ್ನು ಬೆರೆಸುವ ಕೊಬ್ಬಿನಂಶ. ಐಸ್‌ಕ್ರೀಮಿನಲ್ಲಿ ಮಂಜಿನ ಹರಳು ದೊಡ್ಡದಾಗದಂತೆ, ನುಣುಪು ಕೆಡದಂತೆ ಚೂರು ಹಾಕುತ್ತಾರೆ. ಚಿಂತೆ ಮಾಡಬೇಕಾದದ್ದು ಈ ಅಂಕಿಗಳ ಬಗ್ಗೆ ಅಲ್ಲ, ಪಟ್ಟಿಯ ಮೊದಲ ಮೂರು ಹೆಸರುಗಳ ಬಗ್ಗೆ. ಪದಾರ್ಥಗಳನ್ನು ಹೆಚ್ಚಿನದರಿಂದ ಕಡಿಮೆಯದಕ್ಕೆ ಬರೆಯುತ್ತಾರೆ. ಹಾಲು, ಕೆನೆ ಮೊದಲಿದ್ದರೆ ಒಂದು. ನೀರು, ಸಕ್ಕರೆ, ಎಣ್ಣೆ ಮೊದಲಿದ್ದರೆ ಇನ್ನೊಂದು.

‘ಹಣ್ಣಿನ ಐಸ್‌ಕ್ರೀಂ’ ಬಗ್ಗೆಯೂ ಒಂದು ಮಾತು. ಮೂಲ್ಕಿ ಕಡೆಯ ರಘುನಂದನ ಕಾಮತರು 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಆರಂಭಿಸಿ ಸೀತಾಫಲ, ಎಳನೀರಿನ ಐಸ್‌ಕ್ರೀಮಿಗೆ ಹೆಸರು ಮಾಡಿದರು. ನಿಜವಾದ ಹಣ್ಣು ಹಾಕಿದ್ದು ಎಸೆನ್ಸ್ ಹಾಕಿದ್ದಕ್ಕಿಂತ ಮೇಲು, ಸಂಶಯವಿಲ್ಲ. ಆದರೆ ಹಣ್ಣಿದೆ ಎಂದು ಸಕ್ಕರೆ ಇಲ್ಲ ಎಂದಾಗುವುದಿಲ್ಲ. ಉಡುಪಿ–ಮಂಗಳೂರಿನ ಗಡ್‌ಬಡ್‌ನಲ್ಲೂ ಹಣ್ಣು, ಗೋಡಂಬಿ, ಜೆಲ್ಲಿ ಎಲ್ಲ ಇದೆ. ಆ ಉದ್ದ ಗಾಜಿನ ಲೋಟದ ಮುಂದೆ ಆರೋಗ್ಯದ ಲೆಕ್ಕ ಹಾಕುವುದು ವ್ಯರ್ಥ. ಊರಿಗೆ ಹೋದಾಗ ಒಂದನ್ನು ತರಿಸಿ ಇಬ್ಬರು ತಿನ್ನಿ, ಅಷ್ಟೇ.

ಮನೆಯಲ್ಲೇ ಮಾಡುವ ಆಸೆಯಿದ್ದರೆ ಸುಲಭದ ದಾರಿ ಬಾಳೆಹಣ್ಣಿನದು. ಚೆನ್ನಾಗಿ ಕಳಿತ ಹಣ್ಣನ್ನು ಬಿಲ್ಲೆಗಳಾಗಿ ಹೆಚ್ಚಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟು, ಬೆಳಿಗ್ಗೆ ಎರಡು ಚಮಚ ಗಟ್ಟಿ ಮೊಸರಿನೊಂದಿಗೆ ಮಿಕ್ಸಿಯಲ್ಲಿ ತಿರುವಿ. ಸಕ್ಕರೆ ಬೇಡ, ಏಲಕ್ಕಿ ಪುಡಿ ಸಾಕು. ಕೂಡಲೇ ತಿನ್ನಬೇಕು, ಮತ್ತೆ ಫ್ರೀಜರಿಗಿಟ್ಟರೆ ಕಲ್ಲಾಗುತ್ತದೆ. ಯಜಮಾನರು ಮಾತ್ರ ಇದನ್ನೂ ಅಳತೆಯಲ್ಲೇ ತಿನ್ನಲಿ, ಬಾಳೆಹಣ್ಣಿನ ಸಕ್ಕರೆಯೂ ಸಕ್ಕರೆಯೇ.

ಕೊಳ್ಳುವಾಗ ಡಬ್ಬಿಯ ಮೇಲ್ಮೈ ಒತ್ತಿ ನೋಡುವುದನ್ನು ಮರೆಯಬೇಡಿ. ಮುಚ್ಚಳದ ಕೆಳಗೆ ದಪ್ಪ ಹರಳು ಕಟ್ಟಿದ್ದರೆ, ಆಕಾರ ಸೊಟ್ಟಗಾಗಿದ್ದರೆ, ಕರೆಂಟು ಹೋದಾಗ ಕರಗಿ ಮತ್ತೆ ಹೆಪ್ಪುಗಟ್ಟಿದ್ದಿರಬಹುದು. ಅದನ್ನು ಬಿಟ್ಟು ಬೇರೆ ತನ್ನಿ.

ಇಷ್ಟು ತಿಳಿದ ಮೇಲೆ ನಿಮ್ಮ ಮನೆಗೆ ನನ್ನ ಸಲಹೆ ಇದು. ಮಕ್ಕಳಿಗೆ ಹಾಲಿನ ಸಾದಾ ಐಸ್‌ಕ್ರೀಂ, ಚಾಕಲೇಟು ಹೊದಿಕೆ, ಬಿಸ್ಕತ್ತು ಚೂರು ಇಲ್ಲದ್ದು. ಮಾವನವರಿಗೆ ಮೀಡಿಯಂ ಅಥವಾ ಲೋ ಫ್ಯಾಟ್. ಆದರೆ ಕೊಬ್ಬು ತೆಗೆದ ಜಾಗಕ್ಕೆ ಸಕ್ಕರೆ ಸೇರಿದೆಯೇ ಎಂದು ಹಿಂಬದಿಯಲ್ಲಿ ನೋಡಿಕೊಳ್ಳಿ. ಯಜಮಾನರಿಗೆ ಮಕ್ಕಳ ಐಸ್‌ಕ್ರೀಮೇ ಆದೀತು, 50 ಮಿಲಿಲೀಟರಿನ ಸಣ್ಣ ಕಪ್ಪು, ಊಟದಲ್ಲಿ ಒಂದು ಹಿಡಿ ಅನ್ನ ಕಡಿಮೆ ಮಾಡಿ, ವಾರಕ್ಕೊಮ್ಮೆ. ಅದಕ್ಕೂ ಮೊದಲು ಅವರ ವೈದ್ಯರಿಗೊಂದು ಮಾತು ಹೇಳಿ. ಫ್ಯಾಮಿಲಿ ಪ್ಯಾಕ್ ಮಾತ್ರ ತರಬೇಡಿ. ಅಗ್ಗವೇನೋ ಹೌದು, ಆದರೆ ಡಬ್ಬಿಯಿಂದ ಬಡಿಸುವ ಚಮಚಕ್ಕೆ ಅಳತೆ ಇರುವುದಿಲ್ಲ, ಉಳಿದದ್ದನ್ನು ರಾತ್ರಿ ಯಾರು ಮುಗಿಸುತ್ತಾರೆ ಎಂಬುದು ನಿಮಗೇ ಗೊತ್ತು. ಐದು ಸಣ್ಣ ಕಪ್ಪು ತನ್ನಿ.