ಪಳನಿಯಿಂದ ಕಂಬಂವರೆಗೆ: ಪ್ರವಾಸಕಥನದಲ್ಲಿ ನಿಲುಗಡೆಯ ಮಹತ್ತ್ವ

ಪ್ರವಾಸಕಥನವು ಆಧುನಿಕ ಕನ್ನಡ ಗದ್ಯದ ಸಮೃದ್ಧ ಪ್ರಕಾರಗಳಲ್ಲಿ ಒಂದು. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಮೊದಲಾದ ಕೃತಿಗಳು ಅದಕ್ಕೆ ಗಟ್ಟಿಯಾದ ನೆಲೆಯನ್ನು ಒದಗಿಸಿವೆ. ಆದರೆ ಈ ಪ್ರಕಾರವನ್ನು ಕುರಿತು ವಿದ್ಯಾರ್ಥಿಗಳು ಬರೆಯುವ ಉತ್ತರಗಳು ಬಹುಮಟ್ಟಿಗೆ ‘ಪ್ರಕೃತಿವರ್ಣನೆ ಸೊಗಸಾಗಿದೆ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತವೆ. ವರ್ಣನೆಯೇ ಪ್ರವಾಸಕಥನದ ಸರ್ವಸ್ವವೇ? ಈ ಪ್ರಶ್ನೆಯನ್ನು ತಮಿಳುನಾಡಿನ ದಿಂಡಿಗಲ್ ಮತ್ತು ತೇನಿ ಜಿಲ್ಲೆಗಳ ಒಂದು ಬಸ್ಸು ಮಾರ್ಗವನ್ನು ಮುಂದಿಟ್ಟುಕೊಂಡು ವಿಚಾರಿಸಬಹುದು.

ಪಯಣ ಮತ್ತು ನಿಲುಗಡೆ

ಬೆನ್ನಿಗೆ ಚೀಲ ಹೊತ್ತು ಅಲೆಯುವ ಪ್ರವಾಸಿಗಳನ್ನು ನಾವು ಹಂಪೆಯಲ್ಲಿ, ಗೋಕರ್ಣದಲ್ಲಿ ಕಂಡಿದ್ದೇವೆ. ಇಂಥವರಿಗೆ ಪ್ರಿಯವಾದ ಒಂದು ಕ್ರಮವೆಂದರೆ, ಒಂದೇ ಮಾರ್ಗದ ಹಲವು ಊರುಗಳಲ್ಲಿ ಇಳಿಯುತ್ತ, ತಂಗುತ್ತ, ಮುಂದಿನ ಬಸ್ಸನ್ನು ಹತ್ತುತ್ತ ಸಾಗುವುದು. ಇಂಥ ಪ್ರವಾಸಕ್ಕೆ ಎರಡು ಅಂಗಗಳಿವೆ: ಪಯಣ ಮತ್ತು ನಿಲುಗಡೆ. ಪಯಣದಲ್ಲಿ ಕಿಟಕಿಯಾಚೆಯ ದೃಶ್ಯ ದೊರೆಯುತ್ತದೆ. ನಿಲುಗಡೆಯಲ್ಲಿ ಜನ, ಮಾತು, ನೆನಪು ದೊರೆಯುತ್ತವೆ. ಮೊದಲನೆಯದರಿಂದ ವರ್ಣನೆ ಹುಟ್ಟಿದರೆ ಎರಡನೆಯದರಿಂದ ಕಥನ ಹುಟ್ಟುತ್ತದೆ.

ನಾವು ಗಮನಿಸುವ ಮಾರ್ಗವು ಪಳನಿಯಲ್ಲಿ ಮೊದಲಾಗುತ್ತದೆ. ಅಲ್ಲಿಂದ ಘಟ್ಟವೇರಿ ಕೊಡೈಕಾನಲ್. ವತ್ತಲಗುಂಡು ಕಡೆಯ ಘಟ್ಟವನ್ನು ಇಳಿದು ಪೆರಿಯಕುಳಂ, ತೇನಿ. ಮುಂದೆ ಉತ್ತಮಪಾಳಯಂ, ಕಂಬಂ. ಕಂಬಂ ಕಣಿವೆಯ ಕೊನೆಯಲ್ಲಿ ಮತ್ತೆ ಘಟ್ಟವೇರಿದರೆ ಕೇರಳದ ಕುಮಿಳಿ. ಈ ಊರುಗಳನ್ನೆಲ್ಲ ಸಾಮಾನ್ಯ ಬಸ್ಸುಗಳಲ್ಲಿಯೇ ಸುತ್ತಬಹುದು.

ಪಳನಿ: ಫಲಕದ ಮೇಲಿನ ಒಂದು ಅಕ್ಷರ

ಪಳನಿಯು ಮುರುಗನ ಆರು ಪಡೈವೀಡುಗಳಲ್ಲಿ ಒಂದು. ಬೆಟ್ಟದ ಮೇಲೆ ದಂಡಾಯುಧಪಾಣಿಯ ಸನ್ನಿಧಿ. ಏರಲು ಮೆಟ್ಟಿಲುಗಳೂ ಹಗ್ಗದ ಬಲದಿಂದ ಏರಿಳಿಯುವ ಗಾಡಿಗಳೂ ಇವೆ. ಇಲ್ಲಿಯ ಪಂಚಾಮೃತಕ್ಕೆ 2019ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಇವು ಯಾವ ಕೈಪಿಡಿಯಲ್ಲಿಯಾದರೂ ಸಿಗುವ ಸಂಗತಿಗಳು.

ಕನ್ನಡದ ವಿದ್ಯಾರ್ಥಿಗೆ ಬಸ್ಸಿನ ಫಲಕವೇ ಮೊದಲ ಪಾಠವಾಗಬಲ್ಲದು. ತಮಿಳಿನಲ್ಲಿ ಈ ಊರಿನ ಹೆಸರನ್ನು ಬರೆಯುವಾಗ ನಡುವೆ ಬರುವ ಧ್ವನಿ ನಮ್ಮ ಇಂದಿನ ಳಕಾರವಲ್ಲ. ಅದು ಹಳಗನ್ನಡದ ೞಕಾರಕ್ಕೆ ಸಮಾನವಾದುದು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ವಿವರಿಸಿದ್ದಾನೆ. ಆ ರಳವು ಕನ್ನಡದಲ್ಲಿ ಕಾಲಕ್ರಮೇಣ ಅಳಿದು, ಏೞು ‘ಏಳು’ ಆಯಿತು, ಬಾೞೆ ‘ಬಾಳೆ’ಯಾಯಿತು, ಕೋೞಿ ‘ಕೋಳಿ’ಯಾಯಿತು. ಪಂಚಾಮೃತದ ಬಾಳೆಯ ಹೆಸರಿನಲ್ಲಿಯೂ ಮುರುಗನ ಧ್ವಜದ ಕೋಳಿಯ ಹೆಸರಿನಲ್ಲಿಯೂ ತಮಿಳರು ಆ ಧ್ವನಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ವ್ಯಾಕರಣದ ಪುಟದಲ್ಲಿ ನಿರ್ಜೀವವೆನಿಸಿದ ಅಕ್ಷರವನ್ನು ಇಲ್ಲಿ ನಿರ್ವಾಹಕನ ಬಾಯಲ್ಲಿ ಕೇಳಬಹುದು.

ಇತಿಹಾಸದ ನಂಟೂ ಇಲ್ಲಿದೆ. ದಿಂಡಿಗಲ್ ಸೀಮೆಯು 18ನೆಯ ಶತಮಾನದಲ್ಲಿ ಮೈಸೂರಿನ ಆಳ್ವಿಕೆಗೆ ಸೇರಿತ್ತು. 1755ರಲ್ಲಿ ಹೈದರಲಿಯು ದಿಂಡಿಗಲ್ಲಿನ ಫೌಜುದಾರನಾದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಈ ಸೀಮೆ ಕಂಪನಿಯ ವಶವಾಯಿತು. ಆದರೆ ಎಚ್ಚರವಿರಲಿ. ಪಂಚಾಮೃತಕ್ಕೆ ಬಳಸುವ ಬೆಟ್ಟದ ಬಾಳೆಗೆ ‘ವಿರೂಪಾಕ್ಷಿ’ ಎಂದು ಹೆಸರು. ಅದನ್ನು ಕೇಳಿದೊಡನೆ ನಮಗೆ ಹಂಪೆ ನೆನಪಾಗುವುದು ಸಹಜ. ಹಾಗೆಂದು ಹೆಸರಿನ ಹೋಲಿಕೆಯೊಂದನ್ನೇ ಆಧರಿಸಿ ಇತಿಹಾಸವನ್ನು ಕಟ್ಟಲಾಗದು.

ಕೊಡೈಕಾನಲ್: ಎರಡು ಕಾವ್ಯಮೀಮಾಂಸೆಗಳ ನಡುವೆ

ಪಳನಿಯಿಂದ ಕೊಡೈಕಾನಲ್ಲಿಗೆ ಸುಮಾರು 65 ಕಿಲೋಮೀಟರ್. ಊರು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಈ ಘಟ್ಟದ ದಾರಿಯಲ್ಲಿ ನಮ್ಮ ವಿದ್ಯಾರ್ಥಿಯ ಮನಸ್ಸು ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿರುವ ಶೈಲವನ್ನು ನೆನೆಯಬಹುದು. ಆ ಪಟ್ಟಿಯಲ್ಲಿ ಪರ್ವತವು ಕವಿಯ ವರ್ಣನಾಸಾಮರ್ಥ್ಯಕ್ಕೆ ಒಂದು ವಸ್ತು. ತಮಿಳಿನ ತಿಣೈ ಪರಿಕಲ್ಪನೆಯಲ್ಲಿಯಾದರೋ ಪರ್ವತಪ್ರದೇಶವಾದ ‘ಕುರಿಂಜಿ’ಗೆ ತನ್ನದೇ ದೇವತೆಯಿದ್ದಾನೆ, ತನ್ನದೇ ಹೂವಿದೆ, ಪ್ರೇಮದ ತನ್ನದೇ ಅವಸ್ಥೆಯಿದೆ. ಆ ದೇವತೆ ಮುರುಗ. ಆ ಹೂವು ಹನ್ನೆರಡು ವರ್ಷಗಳಿಗೊಮ್ಮೆ ಅರಳುವ ಕುರಿಂಜಿ; 2018ರಲ್ಲಿ ಅದು ಈ ಬೆಟ್ಟಗಳಲ್ಲಿ ಅರಳಿತ್ತು. ಕೊಡೈಕಾನಲ್ಲಿನ ಕುರಿಂಜಿ ಆಂಡವರ್ ದೇವಾಲಯದ ಬಳಿಯಿಂದ, ಮಂಜಿಲ್ಲದ ದಿನ, ಕೆಳಗಿನ ಪಳನಿ ಕಾಣುತ್ತದೆ. ಬೆಟ್ಟ, ದೇವರು, ಹೂವು, ಭಾವ ಇವು ಒಂದೇ ಘಟಕವೆಂಬ ತಿಳಿವಳಿಕೆಯಿದ್ದವನಿಗೆ ಆ ನೋಟವು ಕೇವಲ ರಮ್ಯದೃಶ್ಯವಾಗಿ ಉಳಿಯುವುದಿಲ್ಲ.

ತೇನಿ: ಸಾಹಸ ಮತ್ತು ನೀರು

ತೇನಿಯು 1996ರಲ್ಲಿ ಮಧುರೈಯಿಂದ ಬೇರ್ಪಟ್ಟು ಜಿಲ್ಲೆಯಾಯಿತು. ಇಲ್ಲಿಂದ ಬೋಡಿನಾಯಕನೂರಿನ ಕಡೆಗೆ ತಿರುಗಿದರೆ ಕುರಂಗಣಿ ಬೆಟ್ಟಗಳು. 2018ರ ಮಾರ್ಚ್ 11ರಂದು ಅಲ್ಲಿ ಹಬ್ಬಿದ ಕಾಳ್ಗಿಚ್ಚಿಗೆ ಸಿಲುಕಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. ಬೇಸಿಗೆಯ ಒಣಹುಲ್ಲು, ಗಾಳಿ, ಇಳಿಜಾರು ಇವುಗಳ ಸ್ವಭಾವವನ್ನು ಅರಿಯದೆ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಬೆಟ್ಟವೇರುವುದು ಸಾಹಸವೆನಿಸದು. ಸ್ಥಳೀಯರ ಮಾತನ್ನು ಕೇಳಿಸಿಕೊಳ್ಳುವುದು ಬರವಣಿಗೆಗೆ ಮಾತ್ರವಲ್ಲ, ಬದುಕಿ ಬರುವುದಕ್ಕೂ ಅಗತ್ಯ.

ಮುಂದೆ ಕಣಿವೆಯುದ್ದಕ್ಕೂ ಭತ್ತ, ತೆಂಗು, ದ್ರಾಕ್ಷಿ. ಈ ಹಸುರಿಗೆ ಕಾರಣ, 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟು. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರಿನ ನೀರನ್ನು ಬೆಟ್ಟ ಕೊರೆದು ಪೂರ್ವದ ವೈಗೈ ಕಡೆಗೆ ತಿರುಗಿಸಲಾಯಿತು. ಆ ಕಾರ್ಯದ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್‌ನಿಗೆ ಕಣಿವೆಯ ಲೋಯರ್ ಕ್ಯಾಂಪಿನಲ್ಲಿ ಸ್ಮಾರಕವಿದೆ. ಕಿಟಕಿಯಿಂದ ಕಂಡ ಹಸುರು ಪ್ರಕೃತಿಯ ಕೊಡುಗೆಯೆಂದು ಬರೆದವನು, ಇಳಿದು ಕೇಳಿದರೆ ತನ್ನ ವಾಕ್ಯವನ್ನು ತಿದ್ದಬೇಕಾಗುತ್ತದೆ.

ಕಂಬಂ: ಕಾವೇರಿಯ ತೆಂಕಣದ ಕನ್ನಡ

ಕವಿರಾಜಮಾರ್ಗವು ಕನ್ನಡನಾಡಿಗೆ ಕಾವೇರಿ, ಗೋದಾವರಿಗಳ ಎಲ್ಲೆಯನ್ನು ಹೇಳುತ್ತದೆ. ಕಂಬಂ ಕಾವೇರಿಯಿಂದ ಬಹುದೂರ ತೆಂಕಣಕ್ಕಿದೆ. ಆದರೂ ಈ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಜನರಿದ್ದಾರೆ. ಕಪ್ಪಿಲಿಯರ್ ಎಂದು ಕರೆಯಲ್ಪಡುವ ಒಕ್ಕಲಿಗರು ಅವರಲ್ಲಿ ಪ್ರಮುಖರು. ಉತ್ತರದಿಂದ ವಲಸೆ ಬಂದ ನೆನಪು ಅವರ ಮೌಖಿಕ ಪರಂಪರೆಯಲ್ಲಿದೆ.

ಕಂಬಂನ ನಂದಗೋಪಾಲಸ್ವಾಮಿಯ ಗೋವುಗಳ ಹಿಂಡು ಈ ಸಮುದಾಯಕ್ಕೆ ಪವಿತ್ರ. ತಮಿಳಿನಲ್ಲಿ ಅದಕ್ಕೆ ‘ತಂಬಿರಾನ್ ಮಾಡು’ ಎಂದು ಹೆಸರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನನ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಇದರ ವಿವರವಿದೆ. ಅದರಂತೆ ಕನ್ನಡದಲ್ಲಿ ಈ ಹಿಂಡಿಗೆ ‘ದೇವರು ಆವು’ ಎಂದೂ, ಹಿಂಡಿನ ಅರಸನಾದ ಹೋರಿಗೆ ‘ಪಟ್ಟದ ಆವು’ ಎಂದೂ ಹೆಸರು. ಈ ಹಸುಗಳ ಹಾಲನ್ನು ಕರೆಯುವುದಿಲ್ಲ; ಸತ್ತವನ್ನು ವಿಧಿಪೂರ್ವಕ ಹೂಳುತ್ತಾರೆ. ಅರಸಹೋರಿ ಸತ್ತಾಗ ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನು ಇರಿಸುತ್ತಾರೆ. ಮೊದಲು ಬಂದು ತಿಂದುದಕ್ಕೆ ಪಟ್ಟ.

ಈ ಎರಡು ಹೆಸರುಗಳು ನಮಗೆ ಅಮೂಲ್ಯ. ‘ಪಟ್ಟದ ಆವು’ ಎಂಬುದು ‘ಪಟ್ಟದಾನೆ’ಯ ಮಾದರಿಯ ರಚನೆ. ‘ಆವು’ ಎಂಬುದು ಇಂದಿನ ಬರವಣಿಗೆಯ ಕನ್ನಡದಲ್ಲಿ ಬಳಕೆ ತಪ್ಪಿದ, ಹಳೆಯ ಕನ್ನಡದಲ್ಲಿದ್ದ ಪದ. ಆದರೆ ತೆಲುಗಿನಲ್ಲಿ ‘ಆವು’ ಇಂದಿಗೂ ನಿತ್ಯದ ಮಾತು, ಮತ್ತು ಈ ಪ್ರದೇಶದಲ್ಲಿ ತೆಲುಗು ಮನೆಮಾತಿನವರೂ ನೆಲೆಸಿದ್ದಾರೆ. ಹಾಗಿದ್ದರೆ ಇದು ಹಳಗನ್ನಡದ ಉಳಿಕೆಯೋ, ನೆರೆನುಡಿಯ ಪ್ರಭಾವವೋ? ಉತ್ತರವನ್ನು ಒಂದು ಪದದಿಂದ ಹೇಳಲಾಗದು. ಬಂಧುವಾಚಕಗಳು, ಕ್ರಿಯಾರೂಪಗಳು, ಬೇಸಾಯದ ಮಾತುಗಳು ಇವನ್ನೆಲ್ಲ ಸಂಗ್ರಹಿಸಿ ಹೋಲಿಸಬೇಕು. ಶಾಲೆ, ಸಂತೆ, ಕಚೇರಿಗಳೆಲ್ಲ ತಮಿಳಿನಲ್ಲಿ ನಡೆಯುವಲ್ಲಿ, ಲಿಪಿಯ ಆಸರೆಯಿಲ್ಲದ ಮನೆಮಾತು ಹಿರಿಯರ ನಾಲಿಗೆಯನ್ನೇ ನಂಬಿಕೊಂಡಿರುತ್ತದೆ. ಆದುದರಿಂದ ಈ ಕೆಲಸಕ್ಕೆ ಕಾಲದ ಮಿತಿಯಿದೆ.

ಹಾಗೆ ಹೋದವನು ಅವರ ಮಾತನ್ನು ‘ಅಶುದ್ಧ ಕನ್ನಡ’ವೆಂದು ಎಣಿಸಬಾರದು. ಅವರ ಒಪ್ಪಿಗೆಯಿಲ್ಲದೆ ಧ್ವನಿಮುದ್ರಣ ಮಾಡಬಾರದು. ತನ್ನ ಪಠ್ಯದ ಕನ್ನಡವನ್ನು ಅವರಿಗೆ ಕಲಿಸಲು ಹೊರಡದೆ, ಅವರ ಕನ್ನಡವನ್ನು ಕಲಿಯಲು ಕುಳಿತುಕೊಳ್ಳಬೇಕು.

ಆರಂಭದ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ. ಪಳನಿಯಿಂದ ಕಂಬಂವರೆಗಿನ ದೃಶ್ಯಗಳನ್ನು ಬಸ್ಸಿನಿಂದ ಇಳಿಯದೆಯೂ ವರ್ಣಿಸಬಹುದು. ‘ಆವು’ ಎಂಬ ಪದವನ್ನು ಇಳಿಯದೆ ಕೇಳಲಾಗದು. ಪ್ರವಾಸಕಥನವನ್ನು ವಿಮರ್ಶಿಸುವಾಗ ಲೇಖಕನು ಏನೇನು ಕಂಡನೆಂಬುದರ ಜೊತೆಗೆ, ಎಲ್ಲಿ ನಿಂತನು, ಯಾರ ಮಾತಿಗೆ ಕಿವಿಗೊಟ್ಟನು ಎಂಬುದನ್ನೂ ಪರಿಶೀಲಿಸಬೇಕು.

ಅಭ್ಯಾಸ

1. ನೀವು ಓದಿದ ಒಂದು ಪ್ರವಾಸಕಥನದಲ್ಲಿ ವರ್ಣನೆಯ ಭಾಗಗಳನ್ನೂ ನಿಲುಗಡೆಯ ಭಾಗಗಳನ್ನೂ ಗುರುತಿಸಿ, ಅವುಗಳ ಪರಸ್ಪರ ಸಂಬಂಧವನ್ನು ವಿವೇಚಿಸಿ.
2. ಅಷ್ಟಾದಶ ವರ್ಣನೆಯ ‘ಶೈಲ’ವನ್ನೂ ತಮಿಳಿನ ‘ಕುರಿಂಜಿ’ಯನ್ನೂ ಹೋಲಿಸಿ ಟಿಪ್ಪಣಿ ಬರೆಯಿರಿ.
3. ಹಳಗನ್ನಡದಲ್ಲಿ ೞಕಾರವಿದ್ದ ಹತ್ತು ಪದಗಳನ್ನು ಪಟ್ಟಿಮಾಡಿ, ಅವುಗಳ ಇಂದಿನ ಕನ್ನಡ ಮತ್ತು ತಮಿಳು ರೂಪಗಳನ್ನು ಕೊಡಿ.
4. ನಿಮ್ಮ ಊರಿನ ಬಸ್ಸು ಮಾರ್ಗದಲ್ಲಿ ನೀವು ಇದುವರೆಗೆ ಇಳಿಯದ ಒಂದು ನಿಲ್ದಾಣದಲ್ಲಿ ಇಳಿದು, ಅಲ್ಲಿಯ ಹಿರಿಯರೊಬ್ಬರಿಂದ ದನಕರುಗಳಿಗೆ ಸಂಬಂಧಿಸಿದ ಇಪ್ಪತ್ತು ಪದಗಳನ್ನು ಸಂಗ್ರಹಿಸಿ.