‘ಬೀಟಲ್ ನಟ್’ ಎಂದರೆ ಅಡಿಕೆಯೇ?



ಹಿಂದೊಮ್ಮೆ ಹರಪನಹಳ್ಳಿ ಕಡೆಯ ಸದಸ್ಯರೊಬ್ಬರ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ತುಂಬಿಕೊಟ್ಟಿದ್ದೆ. ಬೆಳೆಯ ಕಾಲಮ್ಮಿನಲ್ಲಿ ಅವಸರಕ್ಕೆ ‘ಬೀಟಲ್’ ಎಂದಷ್ಟೇ ಬರೆದೆ. ಕಚೇರಿಯವರು ಅದನ್ನು ಎಲೆಬಳ್ಳಿ ಎಂದು ಓದಿದರು. ಪಹಣಿಯಲ್ಲಿ ಅಡಿಕೆ ಇದೆಯಲ್ಲ ಎಂದು ಅರ್ಜಿ ಹಿಂದಿರುಗಿಸಿದರು. ತಪ್ಪು ಅವರದಲ್ಲ, ನನ್ನದು. ಪದವೀಧರನೆನ್ನಿಸಿಕೊಂಡವನಿಗೆ ನಾಚಿಕೆಯಾಗಿ ನಿಘಂಟು ಹಿಡಿದು ಕುಳಿತೆ.

‘ಬೀಟಲ್’ ಎಂದರೆ ವೀಳ್ಯದೆಲೆ. ಮಲಯಾಳದ ‘ವೆಟ್ಟಿಲ’ ಎಂಬ ಮಾತು ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಂಗ್ಲಿಷಿಗೆ ಬಂದ ರೂಪ ಅದು. ಅಡಿಕೆಗೆ ಸರಿಯಾದ ಮಾತು ‘ಅರೆಕಾ’. ಇದೂ ಮಲಯಾಳದ ‘ಅಡಯ್ಕ’ದಿಂದ ಅದೇ ದಾರಿಯಲ್ಲಿ ಹೋದದ್ದು, ನಮ್ಮ ‘ಅಡಿಕಿ’ಯ ಒಡಹುಟ್ಟು. ಎರಡನ್ನೂ ಒಟ್ಟಿಗೆ ಮೆಲ್ಲುವುದನ್ನು ಕಂಡ ಪರಂಗಿಗಳು ಎಲೆಯ ಹೆಸರನ್ನೇ ಕಾಯಿಗೂ ಅಂಟಿಸಿದರು. ಯೂಲ್ ಮತ್ತು ಬರ್ನೆಲ್ ಅವರ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟೇ ಈ ಬಳಕೆ ಅಷ್ಟು ಸರಿಯಲ್ಲವೆಂದಿದೆ. ಪಂಡಿತರೂ ಎಡವಿದ್ದಾರೆ: 1753ರಲ್ಲಿ ಲಿನ್ನೇಯಸ್ ಇಟ್ಟ ಹೆಸರು ‘ಅರೆಕಾ ಕಟೇಚು’. ಕಟೇಚು ಎಂದರೆ ಕಾಚು. ನಿಜವಾದ ಕಾಚು ಬರುವುದು ಕಗ್ಗಲಿ ಮರದಿಂದ. ಅಡಿಕೆಯ ಚೊಗರನ್ನು ಯಾರೋ ಕಾಚೆಂದು ತಿಳಿದಿದ್ದರೇನೋ!

ಇದು ಬರಿಯ ಪದಚರ್ಚೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1985ರಲ್ಲಿ ಕ್ಯಾನ್ಸರ್‌ಕಾರಕವೆಂದದ್ದು ತಂಬಾಕು ಬೆರೆತ ತಾಂಬೂಲವನ್ನು. 2004ರ ವರದಿಯಲ್ಲಿ ತಂಬಾಕಿಲ್ಲದ ತಾಂಬೂಲವನ್ನೂ, ‘ಅರೆಕಾ ನಟ್’ ಎಂದೇ ಹೆಸರಿಸಿ ಅಡಿಕೆಯನ್ನೂ ಅದೇ ಮೊದಲ ಗುಂಪಿಗೆ ಸೇರಿಸಿತು. ‘ಅದು ಗುಟ್ಕಾದ ಮಾತು, ನಮ್ಮ ಅಡಿಕೆಯದಲ್ಲ’ ಎಂದು ಸಭೆಗಳಲ್ಲಿ ವಾದಿಸುವವರು ಈ ಪದವನ್ನು ಗಮನಿಸಬೇಕು. ನಮಗೆ ರುಚಿಸದು, ಆದರೂ ಬರೆದಿರುವುದು ಹಾಗೆಯೇ.

ಧಾರಣೆಯ ಮಾತಿಗೆ ಬಂದರೆ, ಸುಂಕದ ಪಟ್ಟಿಯಲ್ಲಿ ‘ಅರೆಕಾ ನಟ್ಸ್’ 080280ರಲ್ಲಿದೆ. ‘ಸುಪಾರಿ ಎನ್ನಿಸಿಕೊಳ್ಳುವ ಬೀಟಲ್ ನಟ್ ಪದಾರ್ಥ’ 21069030ರಲ್ಲಿದೆ. ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಕಿಲೋಗೆ 351 ರೂಪಾಯಿ ಕನಿಷ್ಠ ಆಮದು ಬೆಲೆ ಗೊತ್ತುಮಾಡಿದ್ದು ಮೊದಲನೆಯದಕ್ಕೆ. ಆದ್ದರಿಂದಲೇ ಬೇಯಿಸಿದ ವಿದೇಶಿ ಅಡಿಕೆಯನ್ನು ಎರಡನೆಯ ಹೆಸರಿನಲ್ಲಿ ಇಳಿಸಿಕೊಳ್ಳಲು ಆಮದುದಾರರು ಹವಣಿಸಿದ್ದುಂಟು, ವ್ಯಾಜ್ಯಗಳಾದದ್ದೂ ಉಂಟು. ಬಂದರಿನಲ್ಲಿ ಒಂದು ಹೆಸರು ಬದಲಾದರೆ ಅದರ ಪೆಟ್ಟು ನಮ್ಮ ಮಂಡಿಗೆ ಬೀಳುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಸದಸ್ಯರೂ ಇಂಗ್ಲಿಷ್ ನಮೂನೆಗಳಲ್ಲಿ ‘ಅರೆಕಾ ನಟ್’ ಎಂದೇ ಬರೆಯಿಸಬೇಕಾಗಿ ವಿನಂತಿ. ಅಡಿಕೆ ಮರಕ್ಕೆ ಎಲೆಬಳ್ಳಿ ಹಬ್ಬಿಸಿರುವವರು ಅದನ್ನು ಬೇರೆ ಸಾಲಿನಲ್ಲಿ ‘ಬೀಟಲ್ ವೈನ್’ ಎಂದು ಕಾಣಿಸತಕ್ಕದ್ದು.

— ಕಾರ್ಯದರ್ಶಿ